ಹೊಸ ಚಾಲಕನ ಹೊಣೆ

ಹುಮನಾಬಾದು ಎರಡು ದೊಡ್ಡ ಹೆದ್ದಾರಿಗಳು ಕೂಡುವ ಊರು. ಪುಣೆಯಿಂದ ಸೋಲಾಪುರದ ಮೇಲೆ ಹಾಯ್ದು ಹೈದರಾಬಾದಿನತ್ತ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯನ್ನು, ಬೀದರಿನಿಂದ ಕಲಬುರಗಿಗೆ ಹೋಗುವ 50ನೆಯ ಹೆದ್ದಾರಿಯು ಇಲ್ಲಿ ಸಂಧಿಸುತ್ತದೆ. ಬಸವಕಲ್ಯಾಣವು ತುಸು ಒಳಗಿದ್ದು, ಸಸ್ತಾಪುರ ಬಂಗ್ಲಾದ ಬಳಿ ಅದರ ದಾರಿ ಹೆದ್ದಾರಿಗೆ ಬಂದು ಸೇರುತ್ತದೆ. ಸುತ್ತಲಿನ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಈ ದಾರಿಗಳನ್ನೇ ತುಳಿಯಬೇಕು. ಹಿಂದೆ ಬಸ್ಸಿಗೆ ಕಾಯುತ್ತಿದ್ದವರ ಮಕ್ಕಳು ಇಂದು ಸ್ವಂತ ಗಾಡಿಯ ಮೇಲೆ ಬರುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಗಾಡಿ ಕೈಗೆ ಬಂದ ದಿನವೇ ಗಾಡಿಯ ವಿವೇಕವೂ ಬರುತ್ತದೆಂದು ಹೇಳಲಾಗದು. ಆ ವಿವೇಕವನ್ನು ಕುರಿತು ನಾಲ್ಕು ಮಾತುಗಳನ್ನು ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೋಟಾರು ವಾಹನದ ಇತಿಹಾಸದಲ್ಲಿ ಒಂದು ಸಂಗತಿ ನೆನಪಿಡತಕ್ಕದ್ದು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಣ್ಣುಮಗಳು ಮೋಟಾರಿಗೆ ಸಿಕ್ಕು ತೀರಿಕೊಂಡಳು. ಆ ಬಂಡಿಯ ವೇಗ ಓಡುವ ಮನುಷ್ಯನ ವೇಗಕ್ಕಿಂತ ಹೆಚ್ಚಿನದಾಗಿರಲಿಲ್ಲ. ವಿಚಾರಣೆ ನಡೆಸಿದ ಅಧಿಕಾರಿಯು, ಇಂಥ ಘಟನೆ ಮತ್ತೆಂದೂ ನಡೆಯದಿರಲೆಂದು ಆಶಿಸಿದನಂತೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಎಂದರೆ ದಿನಕ್ಕೆ ಸುಮಾರು 460. ಇವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ನೂರಕ್ಕೆ 70ಕ್ಕೂ ಮಿಕ್ಕ ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದೇ ಲೆಕ್ಕ ಹೇಳುತ್ತದೆ.

ವೇಗವೆಂದರೇನೆಂಬುದನ್ನು ತುಸು ಗಣಿತದಿಂದ ನೋಡೋಣ. ಅಪಾಯವನ್ನು ಕಣ್ಣು ಕಂಡು, ಮನಸ್ಸು ತಿಳಿದು, ಕೈಕಾಲು ಬ್ರೇಕು ಹಿಡಿಯಲು ಜಾಗರೂಕನಿಗೂ ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ ಮುಂದೆ ಹೋಗಿಯೇ ಇರುತ್ತದೆ. ಬ್ರೇಕು ಹಿಡಿದ ಮೇಲೂ ಅದು ನಿಲ್ಲಲು ದೂರ ಬೇಕು. ಈ ದೂರವು ವೇಗದ ವರ್ಗದಂತೆ ಬೆಳೆಯುತ್ತದೆ. ಗಂಟೆಗೆ 30 ಕಿಲೊಮೀಟರು ವೇಗದಲ್ಲಿ, ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿದ್ದರೆ ಎರಡೂ ಸೇರಿ ಸುಮಾರು 13 ಮೀಟರು. 60ರ ವೇಗದಲ್ಲಿ ಅದು 26 ಆಗುವುದಿಲ್ಲ. ಸುಮಾರು 37 ಮೀಟರು ಆಗುತ್ತದೆ. 80ರ ವೇಗದಲ್ಲಿ 57. ಮಳೆ ಬಿದ್ದು ರಸ್ತೆ ನೆನೆದಿದ್ದರೆ, ಟೈರು ಸವೆದಿದ್ದರೆ, ಈ ಲೆಕ್ಕ ಇನ್ನೂ ಹಿಗ್ಗುತ್ತದೆ.

ಈ ಲೆಕ್ಕವನ್ನು ನಮ್ಮ ಊರಿನ ರಸ್ತೆಗೆ ಹಚ್ಚಿ ನೋಡಬೇಕು. ಬೀದರ ಜಿಲ್ಲೆ ಕಬ್ಬಿನ ಸೀಮೆ. ಕಬ್ಬು ಕಡಿಯುವ ಕಾಲ ಬಂದಿತೆಂದರೆ ಟ್ರ್ಯಾಕ್ಟರಿನ ಹಿಂದೆ ಟ್ರೇಲರು, ಮೇಲೆ ಎತ್ತರಕ್ಕೆ ಕಬ್ಬಿನ ಹೊರೆ. ಎಷ್ಟೋ ಸಲ ಹಿಂದುಗಡೆ ಕೆಂಪು ದೀಪವಿರುವುದಿಲ್ಲ, ಇದ್ದರೂ ಕಬ್ಬಿನ ಗರಿಯಲ್ಲಿ ಮುಚ್ಚಿರುತ್ತದೆ. ಗಾಡಿಯ ಡಿಮ್ ಬೆಳಕು ಸುಮಾರು 40 ಮೀಟರಿನವರೆಗೆ ಮಾತ್ರ ಚೆನ್ನಾಗಿ ಕಾಣಿಸುವಂಥದು. 80ರ ವೇಗದಲ್ಲಿ ಬರುವವನಿಗೆ ನಿಲ್ಲಲು 57 ಮೀಟರು ಬೇಕು. ಹೀಗಿರುವಾಗ ಟ್ರೇಲರು ಕಣ್ಣಿಗೆ ಬೀಳುವಷ್ಟರಲ್ಲಿ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬ್ರೇಕು ಎಷ್ಟು ಒಳ್ಳೆಯದಿದ್ದರೂ, ಕೈ ಎಷ್ಟು ಚುರುಕಾಗಿದ್ದರೂ ಫಲವಿಲ್ಲ. ಆದ್ದರಿಂದ ರಾತ್ರಿಯ ನಿಯಮ ಒಂದೇ: ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗದಲ್ಲಿಯೇ ಸಾಗಬೇಕು. ಟ್ರ್ಯಾಕ್ಟರು ಉಳ್ಳ ಮನೆಯ ಮಿತ್ರರು ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕಗಳನ್ನು ಹಚ್ಚಿಸಿದರೆ ಅದೂ ಒಂದು ಜೀವದಾನವೇ ಆಗುತ್ತದೆ.

ನಮ್ಮ ರಸ್ತೆಯ ಮೇಲೆ ಗಾಡಿಗಳು ಮಾತ್ರವೇ ಇರುವುದಿಲ್ಲ. ಸೀಗಿ ಹುಣ್ಣಿಮೆಯ ಸುಮಾರಿಗೆ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಜನ ಗುಂಪುಗುಂಪಾಗಿ, ಹಗಲಿರುಳೆನ್ನದೆ ನಡೆದು ಹೋಗುತ್ತಾರೆ. ಮಾಣಿಕನಗರದ ಪ್ರಭುಗಳ ಜಾತ್ರೆಗೆ, ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ಬರುವವರಲ್ಲಿ ಮುದುಕರೂ ಮಕ್ಕಳೂ ಇರುತ್ತಾರೆ. ಸುಗ್ಗಿಯಲ್ಲಿ ರಸ್ತೆಯ ಅಂಚಿಗೆ ರಾಶಿ ಹರವಿರುತ್ತದೆ; ಸಂಜೆ ದನಗಳು ಮನೆಗೆ ತಿರುಗುತ್ತವೆ. ಹಳ್ಳಿಯ ದಾರಿಯಿಂದ ಹೆದ್ದಾರಿಗೆ ಇಳಿಯುವಾಗ ನಿಂತು, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ ಹೊರಡಬೇಕು. ಹೆದ್ದಾರಿಯ ಮೇಲೆ ಬರುವವನ ವೇಗವನ್ನು ಹೊಸಬನ ಕಣ್ಣು ಯಾವಾಗಲೂ ಕಡಿಮೆಯೆಂದೇ ಎಣಿಸುತ್ತದೆ. ಸುತ್ತು ಬಳಸುವ ಬೇಸರಕ್ಕೆ ಎದುರುಬದಿಯಲ್ಲಿ ಗಾಡಿ ಹೊಡೆಯುವ ಚಾಳಿಯಂತೂ ನಮ್ಮಲ್ಲಿ ಬಹಳ. ಅರ್ಧ ಕಿಲೊಮೀಟರು ಪೆಟ್ರೋಲು ಉಳಿಸಲು ಪ್ರಾಣವನ್ನು ಒತ್ತೆಯಿಡುವುದು ಯಾವ ವ್ಯಾಪಾರವೋ ತಿಳಿಯದು.

ಇನ್ನು ಅಭ್ಯಾಸಗಳ ವಿಷಯ. ಹೊರಡುವ ಮುನ್ನ ಟೈರಿನ ಗಾಳಿ, ಬ್ರೇಕು, ದೀಪ, ಕನ್ನಡಿ ಇವನ್ನು ನೋಡಿಕೊಳ್ಳಲು ಎರಡು ನಿಮಿಷ ಸಾಕು. ಮುಂದಿನ ವಾಹನವು ಒಂದು ಮೈಲಿಗಲ್ಲನ್ನೋ ಗಿಡವನ್ನೋ ದಾಟಿದ ಮೇಲೆ, ನಾವು ಅದನ್ನು ಮುಟ್ಟಲು ಮೂರು ಸೆಕೆಂಡಾದರೂ ಹಿಡಿಯುವಂತೆ ಅಂತರವಿರಲಿ. ಲಾರಿಯ ಎಡಗಡೆಯಿಂದ ನುಸುಳಬಾರದು. ಅದರ ಚಾಲಕನಿಗೆ ಆ ಬದಿ ಸರಿಯಾಗಿ ಕಾಣುವುದಿಲ್ಲ. ಬೈಕಿನಲ್ಲಿ ಹಿಂದಿನ ಬ್ರೇಕನ್ನಷ್ಟೇ ನೆಚ್ಚದೆ ಎರಡನ್ನೂ ಒಟ್ಟಿಗೆ, ಹದವರಿತು ಹಿಡಿಯುವುದನ್ನು ಖಾಲಿ ಬಯಲಿನಲ್ಲಿ ಮೊದಲೇ ರೂಢಿಸಿಕೊಳ್ಳಬೇಕು. ಮೊಬೈಲು ಕಿಸೆಯಲ್ಲಿಯೇ ಇರಲಿ. 60ರ ವೇಗದಲ್ಲಿ ಮೂರು ಸೆಕೆಂಡು ಪರದೆ ನೋಡಿದವನು 50 ಮೀಟರು ಕುರುಡನಾಗಿ ಸಾಗಿದಂತಾಯಿತು.

ಹೆಲ್ಮೆಟ್ಟಿನ ಬಗೆಗೆ ನಮ್ಮಲ್ಲಿ ಉದಾಸೀನವಿದೆ. ಅದು ಪೋಲೀಸರಿಗಾಗಿ ಹಾಕುವ ಟೊಪ್ಪಿಗೆಯಲ್ಲ. ನಾನಾ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದವರು, ಹೆಲ್ಮೆಟ್ಟು ಸಾವಿನ ಸಂಭವವನ್ನು ನೂರಕ್ಕೆ ಸುಮಾರು 42ರಷ್ಟು, ತಲೆಯ ಪೆಟ್ಟನ್ನು 69ರಷ್ಟು ತಗ್ಗಿಸುತ್ತದೆಂದು ಕಂಡಿದ್ದಾರೆ. ಆದರೆ ಐ.ಎಸ್.ಐ. ಗುರುತು ಇರಬೇಕು, ಗದ್ದದ ಪಟ್ಟಿ ಬಿಗಿದಿರಬೇಕು, ಹಿಂದೆ ಕುಳಿತವನ ತಲೆಯ ಮೇಲೂ ಇರಬೇಕು. ಕಾರಿನವರಿಗೆ ಸೀಟು ಬೆಲ್ಟು. ಇಂದಿನ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ವೋಲ್ವೊ ಸಂಸ್ಥೆಯ ನಿಲ್ಸ್ ಬೋಲಿನ್ ಎಂಬ ಎಂಜಿನಿಯರು ರೂಪಿಸಿದನು. ಆ ಸಂಸ್ಥೆಯು ಅದನ್ನು ತನ್ನದೇ ಸ್ವತ್ತೆಂದು ಕಟ್ಟಿಡದೆ ಎಲ್ಲ ಕಾರು ತಯಾರಕರಿಗೂ ಬಿಟ್ಟುಕೊಟ್ಟಿತು. ಲೋಕೋಪಕಾರವೆಂದರೆ ಇದು.

ಕಾನೂನನ್ನೂ ತಿಳಿದಿರಬೇಕು. ಗೇರುಳ್ಳ ಬೈಕಿಗೂ ಕಾರಿಗೂ 18 ವರ್ಷ ತುಂಬಿರಬೇಕು. ಮೊದಲು ಕಲಿಕೆಯ ಲೈಸನ್ಸು. ಅದರ ಅವಧಿ ಆರು ತಿಂಗಳು, 30 ದಿನಗಳಾದ ಮೇಲೆ ಪರೀಕ್ಷೆ. ಬೈಕು ಕಲಿಯುವವನು ಕಲಿಸುವವನ ಹೊರತು ಬೇರೆ ಯಾರನ್ನೂ ಹಿಂದೆ ಕೂಡಿಸಿಕೊಳ್ಳಕೂಡದು. 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಸಿನವನು ಗಾಡಿ ನಡೆಸಿ ಅಪರಾಧವಾದರೆ ಪಾಲಕನಿಗೆ ಅಥವಾ ಗಾಡಿಯ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವುಂಟು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸು ಸಿಗಲಾರದು. ತಮ್ಮನ ಕೈಗೆ ಕೀಲಿ ಕೊಡುವ ಅಣ್ಣಂದಿರು ಇದನ್ನು ಗಮನಿಸಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ರಸ್ತೆಯಲ್ಲಿ ಒಬ್ಬನು ಬಿದ್ದಿರುವುದನ್ನು ಕಂಡೂ ಕೇಸಿಗೆ ಅಂಜಿ ದಾಟಿಹೋಗುವವರು ಉಂಟು. ಆ ಅಂಜಿಕೆಗೆ ಈಗ ಆಧಾರವಿಲ್ಲ. ನೆರವಾದವನಿಗೆ ರಕ್ಷಣೆ ನೀಡುವ ಸೂತ್ರಗಳನ್ನು 2016ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕರ್ನಾಟಕವೂ ತನ್ನದೇ ಕಾಯಿದೆ ಮಾಡಿತು. 2019ರಲ್ಲಿ ಕೇಂದ್ರದ ಕಾಯಿದೆಯಲ್ಲಿಯೂ ಅದು ಸೇರಿತು. 108ಕ್ಕೆ ಫೋನು ಮಾಡಿ, ರಕ್ತ ಸೋರುವ ಕಡೆ ಶುಭ್ರ ಬಟ್ಟೆಯನ್ನು ಒತ್ತಿ ಹಿಡಿದರೆ ಒಂದು ಮನೆಯ ದೀಪ ಉಳಿದೀತು. ತನ್ನ ಗಾಡಿಯಿಂದಲೇ ಪೆಟ್ಟಾಗಿದ್ದರೆ, ಗಾಯಗೊಂಡವನಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಶಾಸನಬದ್ಧ ಕರ್ತವ್ಯವೇ ಆಗಿದೆ.

ಶರಣರು ನಡೆದಾಡಿದ ಕಲ್ಯಾಣದ ನೆಲ ನಮ್ಮದು. ಮಾಡುವ ಕೆಲಸವನ್ನು ಕಾಯಕವೆಂದು ತಿಳಿದು ಮಾಡಬೇಕೆಂಬ ಪಾಠವನ್ನು ಈ ನೆಲವೇ ನಾಡಿಗೆ ಕಲಿಸಿತು. ಗಾಡಿ ನಡೆಸುವುದೂ ಅಂಥ ಒಂದು ಕೆಲಸ. ಅದರಲ್ಲಿ ನಮ್ಮ ಜೀವದೊಡನೆ, ಹೆಸರು ಕೂಡ ಅರಿಯದ ದಾರಿಹೋಕನ ಜೀವವೂ ನಮ್ಮ ಕೈಯಲ್ಲಿರುತ್ತದೆ. ಹತ್ತು ನಿಮಿಷ ತಡವಾಗಿ ಕಾಲೇಜಿಗೆ ಬಂದವನಿಗೆ ಹಾಜರಿ ತಪ್ಪಬಹುದು. ಮರುದಿನದ ಹಾಜರಿ ಅವನದೇ.