ಅಂಬಾಸಿಡರ್ ಎಂಜಿನ್ ಎತ್ತಲು ಬ್ಯಾರನ್ ತೊಲೆ ಸಾಕೇ?

ಪ್ರಶ್ನೆ: ತಾತನ ಕಾಲದ ಅಂಬಾಸಿಡರ್ ಮಾರ್ಕ್ 2 ನಮ್ಮ ಮನೆಯಲ್ಲಿದೆ. ಎಂಜಿನ್ ಇಳಿಸಬೇಕು. ಹೊಗೆಸೊಪ್ಪು ಹದಮಾಡುವ ಬ್ಯಾರನ್ ತೊಲೆಗೋ ಹಿತ್ತಲ ಹುಣಸೆ ಮರಕ್ಕೋ ಚೈನ್ ಪುಲ್ಲಿ ಕಟ್ಟಿ ಎತ್ತಬಹುದೇ?
– ಓದುಗರು, ಹೊಸ ಅಗ್ರಹಾರ

ಉತ್ತರ: ಎರಡೂ ಬೇಡ. ಬ್ಯಾರನ್ನಿನ ಮರಗಳನ್ನು ಕೂಡಿಸಿರುವುದು ಸೊಪ್ಪಿನ ಕಡ್ಡಿಗಳ ಭಾರಕ್ಕೆ. ಆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಎಂಜಿನ್ ಒಂದೇ ಜಾಗದಲ್ಲಿ ಜಗ್ಗುತ್ತದೆ. ವರ್ಷವರ್ಷವೂ 70 ಡಿಗ್ರಿಯವರೆಗಿನ ಶಾಖ ಉಂಡ ಮರ ಒಳಗೆಲ್ಲಿ ಸೀಳಿದೆಯೋ ಹೊರಗೆ ಕಾಣದು. ಹುಣಸೆ ಗಟ್ಟಿ ಮರವೇ, ಆದರೆ ಹಳೆಯದಾದರೆ ಒಳಗೆ ಪೊಳ್ಳಾಗಿರುವುದುಂಟು.

ನಿಮ್ಮದು 1489 ಸಿ.ಸಿ. ಎಂಜಿನ್, ಇಂಗ್ಲೆಂಡಿನ ಬಿಎಂಸಿ ಕಂಪನಿಯ ವಿನ್ಯಾಸ. ಬ್ಲಾಕ್, ಹೆಡ್ ಎರಡೂ ಬೀಡು ಕಬ್ಬಿಣ. ಗೇರ್‌ಬಾಕ್ಸ್ ಸೇರಿ ಎರಡು ಕ್ವಿಂಟಲ್ ಎಂದುಕೊಂಡೇ ಸಿದ್ಧವಾಗಿ. ಸಿಮೆಂಟ್ ನೆಲದ ಮೇಲೆ ಉಕ್ಕಿನ ಪೈಪಿನ ಮುಕ್ಕಾಲಿ, ಅದಕ್ಕೆ ಒಂದು ಟನ್ನಿನ ಚೈನ್ ಪುಲ್ಲಿ: ನನ್ನ ಆಯ್ಕೆ ಇದೇ. ಮುಕ್ಕಾಲಿಯ ಕಾಲುಗಳು ಜಾರಿ ಅಗಲವಾಗದಂತೆ ಬುಡದಲ್ಲಿ ಮೂರನ್ನೂ ಸರಪಳಿಯಿಂದ ಬಿಗಿಯಿರಿ. ಗ್ಯಾರೇಜಿನಿಂದ ಎಂಜಿನ್ ಕ್ರೇನ್ ತರಿಸುವುದಾದರೆ, ಅದರ ತೋಳು ಉದ್ದ ಚಾಚಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ ಎಂಬುದು ನೆನಪಿರಲಿ. ಮಣ್ಣಿನ ಅಂಗಳದಲ್ಲಿ ಅದರ ಚಕ್ರ ಹೂತು ಇಡೀ ಕ್ರೇನ್ ವಾಲುತ್ತದೆ.

ಮೊದಲು ಬ್ಯಾಟರಿ ತೆಗೆಯಿರಿ. ಪೆಟ್ರೋಲನ್ನು ಬಯಲಿನಲ್ಲೇ ಇಳಿಸಿ. ಅದರ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ, ಮೂಲೆಯಲ್ಲಿ ಹೋಗಿ ಕೂರುತ್ತದೆ. ಬೀಡಿ ಸೇದುವವರನ್ನು ಅಂದು ಹತ್ತಿರ ಬಿಡಬೇಡಿ. ಬಾನೆಟ್, ರೇಡಿಯೇಟರ್, ಸೈಲೆನ್ಸರ್ ಪೈಪು, ವೈರುಗಳು ಬಿಚ್ಚಿದ ಮೇಲೂ ಒಂದು ಸಂಗತಿ ಮರೆತುಹೋಗುತ್ತದೆ: ಈ ಕಾರಿನ ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲಿದೆ. ಅಲ್ಲಿಂದ ಗೇರ್‌ಬಾಕ್ಸಿಗೆ ಇಳಿಯುವ ಕಡ್ಡಿಗಳನ್ನು ಕಳಚದೆ ಎತ್ತಿದರೆ ಅವು ಬಾಗುತ್ತವೆ. ಗೇರ್‌ಬಾಕ್ಸನ್ನು ಕಾರಿನಲ್ಲೇ ಬಿಡುವುದಾದರೆ ಅದರ ಕೆಳಗೆ ಜ್ಯಾಕ್ ಕೊಟ್ಟು, ಎಂಜಿನ್ನನ್ನು ನೇರವಾಗಿ ಮುಂದಕ್ಕೆ ಎಳೆಯಿರಿ. ಶಾಫ್ಟಿನ ಮೇಲೆ ನೇತುಬಿದ್ದರೆ ಕ್ಲಚ್ ಪ್ಲೇಟ್ ಕೆಟ್ಟಿತು ಎಂದೇ ಲೆಕ್ಕ.

ಕೊಕ್ಕೆ ಹಾಕುವ ಜಾಗ ಎಲ್ಲಕ್ಕಿಂತ ಮುಖ್ಯ. ಮೇಲಿನ ರಾಕರ್ ಕವರ್ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಅದು ತಗಡು. ಹಿಡಿದಿರುವುದು ಎರಡೇ ನಟ್ಟು. ಮ್ಯಾನಿಫೋಲ್ಡಿಗೂ ಕಟ್ಟಬೇಡಿ. ಹೆಡ್ಡಿನ ಸ್ಟಡ್ಡುಗಳಿಗೆ ದಪ್ಪ ಕಬ್ಬಿಣದ ಪಟ್ಟಿ ಬಿಗಿದು, ಸರಪಳಿಯನ್ನು ಅದಕ್ಕೆ ಸಿಕ್ಕಿಸಿ. ನೈಲಾನ್ ಹಗ್ಗ ಬೇಡವೇ ಬೇಡ. ಸರಪಳಿಯ ಎರಡು ಎಳೆಗಳ ನಡುವಿನ ಕೋನ ಕಿರಿದಾಗಿರಲಿ. ಕೋನ 120 ಡಿಗ್ರಿಗೆ ಹರಡಿದರೆ ಒಂದೊಂದು ಎಳೆಯೂ ಎಂಜಿನ್ನಿನ ಪೂರ್ತಿ ಭಾರವನ್ನೇ ಹೊರಬೇಕಾಗುತ್ತದೆ. 60ರೊಳಗಿದ್ದರೆ ಆ ಭಾರದ ಹತ್ತರಲ್ಲಿ ಆರು ಪಾಲೂ ಒಂದೊಂದರ ಮೇಲೆ ಬೀಳುವುದಿಲ್ಲ.

ಒಂದಂಗುಲ ಎತ್ತಿ ನಿಲ್ಲಿಸಿ. ಕೊಕ್ಕೆ, ಸರಪಳಿ, ಮುಕ್ಕಾಲಿಯ ಬುಡ ಎಲ್ಲವನ್ನೂ ಸುತ್ತು ಹಾಕಿ ನೋಡಿ. ಗೇರ್‌ಬಾಕ್ಸ್ ಜೊತೆಗಿದ್ದರೆ ಮೂತಿ ಮೇಲಾಗಿ, ಬಾಲ ಕೆಳಗಾಗಿ ಬರಬೇಕು. ಪುಲ್ಲಿ ಎಳೆಯುವವರು ಒಬ್ಬರು, ಹೇಳುವವರು ಒಬ್ಬರು, ಮಿಕ್ಕವರು ದೂರ. ನೇತಾಡುವ ಎಂಜಿನ್ನಿನ ಕೆಳಗೆ ಕೈ ಕೂಡ ಹಾಕಬಾರದು, ಬಿದ್ದ ಬೋಲ್ಟ್ ಎತ್ತಲಿಕ್ಕೂ ಬೇಡ. ಜಾರಿದರೆ ಹಿಡಿಯಲು ಹೋಗಬೇಡಿ, ಹಿಂದಕ್ಕೆ ಸರಿಯಿರಿ. ಎಂಜಿನ್ನು ಮುಂಭಾಗವನ್ನು ದಾಟುವಷ್ಟು ಮೇಲೆದ್ದ ಮೇಲೆ ಮುಕ್ಕಾಲಿಯನ್ನು ಅಲುಗಿಸದೆ ಕಾರನ್ನೇ ಹಿಂದಕ್ಕೆ ತಳ್ಳಿಸಿ, ಕೂಡಲೇ ಕೆಳಗಿಳಿಸಿ. ಸಂಪ್ ತಗಡಿನದು. ಅದರ ಮೇಲೆ ಭಾರ ಕೂರದಂತೆ ಬ್ಲಾಕಿನ ಅಂಚಿಗೆ ಮರದ ತುಂಡುಗಳನ್ನು ಕೊಡಿ, ಆಮೇಲೆ ಸರಪಳಿ ಸಡಿಲಿಸಿ.