ಗಾಳದ ಮೊನೆ: ಹರಿತಗೊಳಿಸುವ ಕ್ರಿಯೆಗೆ ಸಂಬಂಧಿಸಿದ ಕನ್ನಡ ಪದಗಳು
(ಸಕಲೇಶಪುರ–ಆಲೂರು ಪರಿಸರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ)

ವೃತ್ತಿಪದಗಳ ಸಂಗ್ರಹ ಕಾರ್ಯದಲ್ಲಿ ಸಾಮಾನ್ಯವಾಗಿ ಉಪಕರಣಗಳ ಹೆಸರುಗಳಿಗೆ ದೊರೆಯುವಷ್ಟು ಗಮನ ಅವುಗಳನ್ನು ಸಜ್ಜುಗೊಳಿಸುವ ಕ್ರಿಯೆಗಳಿಗೆ ದೊರೆಯುವುದಿಲ್ಲ. ನೇಗಿಲಿನ ಭಾಗಗಳನ್ನು ಪಟ್ಟಿಮಾಡುವ ಸಂಶೋಧಕ, ಕುಳ ಸವೆದಾಗ ಅದನ್ನು ಏನು ಮಾಡುತ್ತಾರೆಂದು ಕೇಳುವುದು ಅಪರೂಪ. ಆದರೆ ಒಂದು ಕಸುಬಿನ ತಿಳಿವಳಿಕೆ ನಾಮಪದಗಳಿಗಿಂತ ಕ್ರಿಯಾಪದಗಳಲ್ಲಿಯೇ ಹೆಚ್ಚು ಅಡಗಿರುತ್ತದೆ. ಪ್ರಸ್ತುತ ಲೇಖನದಲ್ಲಿ ಮೀನಿನ ಗಾಳವನ್ನು ಕೈಯಿಂದ ಚೂಪುಮಾಡುವ ಸಣ್ಣ ಕ್ರಿಯೆಯನ್ನು ಆಧಾರವಾಗಿಟ್ಟುಕೊಂಡು, ‘ಹರಿತಗೊಳಿಸು’ ಎಂದು ನಾವಿಂದು ಒಂದೇ ಮಾತಿನಲ್ಲಿ ಹೇಳಿಬಿಡುವುದನ್ನು ಕನ್ನಡವು ಎಷ್ಟು ಬಗೆಯಾಗಿ ವಿಂಗಡಿಸಿದೆ ಎಂಬುದನ್ನು ಪರಿಶೀಲಿಸಲಾಗಿದೆ.

1. ಪರಿಸರ

ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ಹಾದು ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಸಕಲೇಶಪುರ ತಾಲ್ಲೂಕಿನ ಪಶ್ಚಿಮ ಅಂಚಿನ ಕೆಂಪುಹೊಳೆ ಘಟ್ಟವಿಳಿದು ನೇತ್ರಾವತಿಯ ಕಡೆಗೆ ಹೋಗುತ್ತದೆ. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರು ಆಲೂರು ತಾಲ್ಲೂಕಿನವರೆಗೂ ಚಾಚಿಕೊಂಡಿದೆ. ಹೀಗೆ ಬಂಡೆಗಳ ನಡುವೆ ಹರಿಯುವ ನೀರು ಹಾಗೂ ಹೂಳು ತುಂಬಿದ ನಿಂತ ನೀರು ಎರಡೂ ಹತ್ತಿರ ಹತ್ತಿರದಲ್ಲಿವೆ. ಬಂಡೆಗೆ ತಾಗಿದ ಗಾಳದ ಮೊನೆ ಮುರಿಯುತ್ತದೆ ಇಲ್ಲವೆ ಮಡಚಿಕೊಳ್ಳುತ್ತದೆ. ಒದ್ದೆಯಾಗಿಯೇ ಎತ್ತಿಟ್ಟ ಗಾಳದ ಮೊನೆಯನ್ನು ತುಕ್ಕು ತಿನ್ನುತ್ತದೆ. ಕಾರಣ ಬೇರೆಯಾದರೂ ಎರಡಕ್ಕೂ ಪರಿಹಾರ ಒಂದೇ, ಮೊನೆಯನ್ನು ಮತ್ತೆ ತರುವುದು.

ಕಾಫಿ, ಏಲಕ್ಕಿ ತೋಟಗಳ ಈ ಸೀಮೆಯಲ್ಲಿ ಕತ್ತಿ, ಮಚ್ಚು, ಕುಡುಗೋಲುಗಳು ದಿನನಿತ್ಯದ ಉಪಕರಣಗಳು. ಆದ್ದರಿಂದ ಗಾಳದ ಮೊನೆಯ ವಿಚಾರವನ್ನು ಈ ಉಪಕರಣಗಳ ಪಕ್ಕದಲ್ಲಿಟ್ಟು ನೋಡುವುದು ಸೂಕ್ತ.

2. ಕ್ರಿಯೆಯ ಸ್ವರೂಪ

ಗಾಳವನ್ನು ಚೂಪುಮಾಡಲು ಬೇಕಾಗುವುದು ನುಣುಪಾದ ಸಣ್ಣ ಅರ ಅಥವಾ ನಯವಾದ ಕಲ್ಲಿನ ತುಂಡು. ಗಾಳದ ಕಾಲನ್ನು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು, ಮೊನೆಯ ರೇಖೆಗೆ ಸಮಾನಾಂತರವಾಗಿ ಅರವನ್ನಿಟ್ಟು, ಹಗುರವಾದ ಒತ್ತಡದಿಂದ ಒಂದೇ ದಿಕ್ಕಿಗೆ ಎಳೆಯಬೇಕು. ಒಂದು ಬದಿಯಲ್ಲಿ ಕೆಲವು ಎಳೆತಗಳಾದ ಮೇಲೆ ಇನ್ನೊಂದು ಬದಿ, ಕೊನೆಗೆ ಹೊರಮೈ. ಹೀಗೆ ಮೂರು ಪಟ್ಟಿಗಳು ಕೂಡುವಲ್ಲಿ ಮೊನೆ ಮೂಡುತ್ತದೆ. ಅರವನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಮೊನೆ ದುಂಡಗಾಗುತ್ತದೆ. ಅತಿಯಾಗಿ ಉಜ್ಜಿದರೆ ತೆಳ್ಳಗಾಗಿ, ಮೀನಿನ ಗಟ್ಟಿ ಬಾಯಿಗೆ ತಾಗಿದೊಡನೆ ಬಾಗುತ್ತದೆ. ಮೇಲಿನ ಲೇಪ ಹೋದ ಜಾಗದಲ್ಲಿ ತುಕ್ಕು ಹಿಡಿಯುವುದರಿಂದ ಎಣ್ಣೆ ಸವರಿಡುವುದು ಕ್ರಮ.

ಪರೀಕ್ಷೆಯ ವಿಧಾನವೂ ಗಮನಾರ್ಹ. ಹೆಬ್ಬೆರಳಿನ ಉಗುರಿನ ಮೇಲೆ ಮೊನೆಯನ್ನು ಒತ್ತದೆ ಎಳೆದಾಗ ಅದು ಜಾರಿದರೆ ಮೊಂಡು. ಅಲ್ಲಿಯೇ ಕಚ್ಚಿಕೊಂಡರೆ ಸಿದ್ಧ. ಕತ್ತಿಯ ಅಲಗನ್ನು ಹೀಗೆ ಪರೀಕ್ಷಿಸುವುದಿಲ್ಲ. ಅದರ ಮೇಲೆ ಅಡ್ಡಲಾಗಿ ಬೆರಳಾಡಿಸಿ ನೋಡುತ್ತಾರೆ. ಎರಡು ಪರೀಕ್ಷೆಗಳ ಈ ವ್ಯತ್ಯಾಸದಲ್ಲಿಯೇ ಪದಗಳ ವ್ಯತ್ಯಾಸದ ಮೂಲವೂ ಇದೆ.

3. ಪದಗಳ ವಿಂಗಡಣೆ

ಮೊದಲಿಗೆ ‘ಗಾಳ’ ಎಂಬ ಪದ. ತೆಲುಗಿನಲ್ಲಿ ಇದಕ್ಕೆ ಸಮೀಪದ ‘ಗಾಲಮು’ ಇದೆ. ತಮಿಳಿನ ‘ತೂಂಡಿಲ್’, ಮಲಯಾಳದ ‘ಚೂಂಡ’ ಬೇರೆ ರೂಪಗಳು. ಹಲವು ಭಾಷೆಗಳ ಕೂಲಿಕಾರರು ಬಂದು ನೆಲೆಸಿರುವ ತೋಟಗಳ ಸೀಮೆಯಲ್ಲಿ ಕ್ಷೇತ್ರಕಾರ್ಯ ನಡೆಸುವವರು ಈ ಭೇದವನ್ನು ನೆನಪಿನಲ್ಲಿಡಬೇಕಾಗುತ್ತದೆ.

ಹರಿತಗೊಳಿಸುವ ಕ್ರಿಯೆಗಳನ್ನು ಹೀಗೆ ವಿಂಗಡಿಸಬಹುದು. ಸವೆದ ಕುಳವನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ತೆಳುವಾಗಿಸುವುದು ‘ಹಣಿಯುವುದು’. ಕುಡುಗೋಲಿನ ಹಲ್ಲುಗಳನ್ನು ಮತ್ತೆ ಎಬ್ಬಿಸುವುದು ‘ಕಕ್ಕು ಹಾಕುವುದು’. ಕತ್ತಿಯ ಅಲಗನ್ನು ಮಸೆಗಲ್ಲಿನ ಮೇಲೆ ಹಿಂದೆ ಮುಂದೆ ಆಡಿಸುವುದು ‘ಮಸೆಯುವುದು’. ತಿರುಗುವ ಚಕ್ರಕ್ಕೆ ಒಡ್ಡುವುದು ‘ಸಾಣೆ ಹಿಡಿಯುವುದು’. ‘ಸಾಣೆ’ ಸಂಸ್ಕೃತ ‘ಶಾಣ’ದ ತದ್ಭವ. ಬೇಲಿಯ ಗೂಟವನ್ನು ‘ಕೆತ್ತಿ’ ಚೂಪುಮಾಡುತ್ತಾರೆ. ಲೋಹವನ್ನು ಸವೆಸುವ ‘ಅರ’ವಾದರೋ ತಮಿಳಿನಲ್ಲಿಯೂ ‘ಅರಂ’ ಎಂದಿರುವ ದ್ರಾವಿಡ ಪದ. ಅದರ ಕೆಲಸ ‘ಉಜ್ಜುವುದು’.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶವೆಂದರೆ, ಪ್ರತಿಯೊಂದು ಕ್ರಿಯಾಪದವೂ ಫಲಿತಾಂಶವನ್ನಲ್ಲ, ಕೈಯ ಚಲನೆಯನ್ನು ಹೆಸರಿಸುತ್ತದೆ. ಬಡಿತ, ಕಡಿತ, ಹಿಂದುಮುಂದಿನ ತಿಕ್ಕಾಟ, ತಿರುಗುವ ಕಲ್ಲಿನ ಸ್ಪರ್ಶ, ಒಮ್ಮುಖದ ಎಳೆತ – ಇವೆಲ್ಲ ಬೇರೆ ಬೇರೆ. ಆದ್ದರಿಂದ ಗಾಳದ ವಿಷಯದಲ್ಲಿ ‘ಮಸೆ’ ಎಂಬ ಪದವನ್ನು ಅದರ ಖಚಿತಾರ್ಥದಲ್ಲಿ ಬಳಸಿದರೆ ಅದು ತಪ್ಪು ಸೂಚನೆಯಾಗುತ್ತದೆ; ಕತ್ತಿಯಂತೆ ಮಸೆದ ಗಾಳ ಕೆಡುತ್ತದೆ. ಪದವೇ ಇಲ್ಲಿ ವಿಧಾನ.

ಇದಕ್ಕೆ ಹೊಂದಿಕೊಂಡಂತೆ ಗುಣವಾಚಕಗಳಲ್ಲಿಯೂ ಎರಡು ನೆಲೆಗಳಿವೆ. ‘ಹರಿತ’ ಎಂಬುದು ಕತ್ತರಿಸು ಎಂಬ ಅರ್ಥವುಳ್ಳ ‘ಹರಿ’ ಧಾತುವಿಗೆ ಸಂಬಂಧಿಸಿದ್ದು. ಅದು ಅಲಗಿನ ಗುಣ. ‘ಚೂಪು’, ‘ಮೊನಚು’ ಎಂಬವು ಮೊನೆಯ ಗುಣ. ಅಲಗು ಒಂದು ಗೆರೆ, ಮೊನೆ ಒಂದು ಬಿಂದು. ಒಂದು ಕೊಯ್ಯುತ್ತದೆ, ಇನ್ನೊಂದು ಚುಚ್ಚುತ್ತದೆ. ಹಳಗನ್ನಡದ ‘ಕೂರ್’ ಮಾತ್ರ ‘ಕೂರಸಿ’, ‘ಕೂರ್ಗಣೆ’ ಎಂಬ ಸಮಾಸಗಳಲ್ಲಿ ಖಡ್ಗ, ಬಾಣ ಎರಡಕ್ಕೂ ಸಲ್ಲುತ್ತದೆ. ಹೊಸಗನ್ನಡದ ಆಡುನುಡಿ ಕಾವ್ಯಭಾಷೆಗಿಂತ ಇಲ್ಲಿ ಹೆಚ್ಚು ನಿಖರವಾಗಿದೆ ಎನ್ನಬಹುದು.

4. ಲಾಕ್ಷಣಿಕ ಪ್ರಯೋಗಗಳ ಸಾಕ್ಷ್ಯ

ಮೇಲಿನ ವಿಂಗಡಣೆ ಕಸುಬುದಾರರಿಗಷ್ಟೇ ಸೀಮಿತವಾದುದಲ್ಲ ಎಂಬುದಕ್ಕೆ ನುಡಿಗಟ್ಟುಗಳೇ ಸಾಕ್ಷಿ. ಹಗೆಯುಳ್ಳವನು ಹಲ್ಲು ಮಸೆಯುತ್ತಾನೆ, ಕತ್ತಿ ಮಸೆಯುತ್ತಾನೆ. ಮತ್ತೆ ಮತ್ತೆ ನಡೆಯುವ ತಿಕ್ಕಾಟ ಅಲ್ಲಿ ದ್ವೇಷದ ದೀರ್ಘತೆಯನ್ನು ಸೂಚಿಸುತ್ತದೆ. ಪ್ರತಿಭೆಗೆ ಸಾಣೆ ಹಿಡಿಯುತ್ತೇವೆ. ರತ್ನಕ್ಕೆ ಹೊಳಪು ಕೊಡುವ ಸಾಣೆಯ ನೆನಪು ಅದರಲ್ಲಿದೆ. ವ್ಯಂಗ್ಯ ಮೊನಚಾಗಿರುತ್ತದೆ, ಏಕೆಂದರೆ ಅದು ಒಂದೇ ಕಡೆ ಚುಚ್ಚುತ್ತದೆ. ಆಸೆ ತೋರಿಸಿ ಸೆಳೆಯುವವನು ಗಾಳ ಹಾಕುತ್ತಾನೆ. ಪ್ರತಿಭೆಯನ್ನು ಮಸೆದು, ಹಗೆಗೆ ಸಾಣೆ ಹಿಡಿದರೆ ಮಾತಿನ ಧ್ವನಿ ಕೆಡುತ್ತದೆ. ಕಸುಬಿನಲ್ಲಿರುವ ಭೇದವನ್ನು ಭಾಷೆ ಮನಸ್ಸಿನ ವ್ಯಾಪಾರಗಳಿಗೂ ವಿಸ್ತರಿಸಿಕೊಂಡಿದೆ.

5. ಬರಹದ ಪರಂಪರೆ ಮತ್ತು ಕೊರತೆ

ಕರ್ನಾಟಕದಲ್ಲಿ ಗಾಳದ ಮೀನುಬೇಟೆ ಶಾಸ್ತ್ರದ ವಸ್ತುವಾದದ್ದು ಬಹು ಹಿಂದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಸುಮಾರು 1130ರ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದೆ. ಅಲ್ಲಿ ಅದು ಅರಸನ ವಿನೋದ. ಮಲೆನಾಡಿನಲ್ಲಿ ಅದು ಊಟಕ್ಕೂ ಬಿಡುವಿಗೂ ಸೇರಿದ್ದು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ (1938–2007) ಗಾಳದ ಒಲವು ಓದುಗರಿಗೆ ತಿಳಿದದ್ದೇ.

ನಿಘಂಟುಗಳ ವಿಷಯಕ್ಕೆ ಬಂದರೆ, 1894ರ ಕಿಟೆಲ್ ಕೋಶದಿಂದ 1970–1995ರ ನಡುವೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ಕನ್ನಡ ಸಾಹಿತ್ಯ ಪರಿಷತ್ತಿನ ಕೋಶದವರೆಗೆ ನಮಗೆ ದೊಡ್ಡ ಪರಂಪರೆಯಿದೆ. ಆದರೆ ಸಾಮಾನ್ಯ ನಿಘಂಟಿನ ಉದ್ದೇಶ ಅರ್ಥ ನೀಡುವುದು. ಕೈಯ ಚಲನೆಯನ್ನು ವಿವರಿಸುವುದು ಅದರ ವ್ಯಾಪ್ತಿಯಲ್ಲ. ಆ ಹೊಣೆ ವೃತ್ತಿಪದಕೋಶಗಳದ್ದು.

ಈ ಹೊಣೆಗೆ ಈಗ ಅವಸರವೂ ಸೇರಿದೆ. ಕಾರ್ಖಾನೆಯಲ್ಲಿ ರಾಸಾಯನಿಕ ವಿಧಾನದಿಂದ ಚೂಪುಮಾಡಿದ ಗಾಳಗಳು ಸುಲಭವಾಗಿ ದೊರೆಯುವಾಗ ಮೊಂಡಾದುದನ್ನು ಎಸೆಯುವುದೇ ರೂಢಿಯಾಗುತ್ತದೆ. ಕ್ರಿಯೆ ನಿಂತಲ್ಲಿ ಪದವೂ ನಿಲ್ಲುತ್ತದೆ. ಉಳಿಯುವುದು ‘ಹರಿತಗೊಳಿಸು’ ಎಂಬ ಸಾರಾಸಗಟು ಮಾತು. ಇನ್ನೊಂದೆಡೆ ಹೊಸ ಅಗತ್ಯಗಳೂ ಹುಟ್ಟಿವೆ. ಕಾವೇರಿ ಜಲಾನಯನದ ಡುಬ್ಬದ ಮಹಶೀರ್ ಮೀನು ಇಂದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹಿಡಿದ ಮೀನನ್ನು ಗಾಯವಾಗದಂತೆ ಬಿಡಲು ಗಾಳದ ಒಳಬದಿಯ ಹಿಮ್ಮುಖ ಮುಳ್ಳನ್ನು ಉಜ್ಜಿ ತೆಗೆಯಬೇಕು. ಮೊನೆ ತರುವ ಅರವೇ ಮುಳ್ಳನ್ನೂ ತೆಗೆಯುತ್ತದೆ. ಅದಕ್ಕೆ ಬೇಕಾದ ಕನ್ನಡ ಪದವನ್ನು ಕಸುಬಿನ ಮಾತಿನಿಂದಲೇ ಪಡೆಯುವುದು ಸಾಧ್ಯ; ಆ ಮಾತು ದಾಖಲಾಗಿರಬೇಕು, ಅಷ್ಟೆ.

6. ಸಮಾರೋಪ

ಒಟ್ಟಿನಲ್ಲಿ, ಹರಿತಗೊಳಿಸುವ ಪದಗಳನ್ನು ಸಂಗ್ರಹಿಸುವವರು ಪ್ರತಿ ಪದದ ಜೊತೆಗೆ ನಾಲ್ಕು ವಿವರಗಳನ್ನು ದಾಖಲಿಸುವುದು ಅವಶ್ಯಕ: ಯಾವ ಉಪಕರಣ, ಯಾವುದಕ್ಕೆ ತಾಗಿಸುತ್ತಾರೆ, ಕೈ ಯಾವ ದಿಕ್ಕಿಗೆ ಚಲಿಸುತ್ತದೆ, ಸಿದ್ಧವಾಯಿತೆಂದು ಹೇಗೆ ತಿಳಿಯುತ್ತಾರೆ. ಪದವನ್ನು ಬಿಡಿಯಾಗಿ ಕೇಳದೆ, ಕೆಲಸ ನಡೆಯುತ್ತಿರುವಾಗ ಕಸುಬುದಾರರು ಆಡುವ ವಾಕ್ಯದಲ್ಲಿಯೇ ಬರೆದುಕೊಳ್ಳುವುದು ಲೇಸು. ‘ಮಸೆ’, ‘ಹಣಿ’, ‘ಉಜ್ಜು’ಗಳು ಸಮಾನಾರ್ಥಕಗಳೆಂದು ತರಗತಿಯಲ್ಲಿ ಹೇಳಿಕೊಡುವ ಮುನ್ನ, ಅವು ಮೂರು ಬೇರೆ ಕೈಗೆಲಸಗಳ ಹೆಸರುಗಳೆಂಬುದನ್ನು ಅಧ್ಯಾಪಕರಾದ ನಾವು ನೆನೆಯಬೇಕಾಗಿದೆ.