*ಮಧ್ಯಮ ಆದಾಯ, ಮಧ್ಯಮ ಮಾರ್ಗ*

*ಇಂದಿನ ಧಮ್ಮ ಚಿಂತನೆ*

ಸರ್ಕಾರದ ಲೆಕ್ಕದಲ್ಲಿ ನಮ್ಮದು ಮಧ್ಯಮ ಆದಾಯದ ಮನೆ. ಅವೆನ್ಯೂ ರಸ್ತೆಯ ಸಗಟು ಸ್ಟೇಷನರಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ, ಮನೆಯವರು ಬಟ್ಟೆ ಹೊಲಿಯುತ್ತಾರೆ. ಇಬ್ಬರದೂ ಸೇರಿ ತಿಂಗಳಿಗೆ 52,000. ವರ್ಷಕ್ಕೆ 6 ಲಕ್ಷ ದಾಟುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ 6ರಿಂದ 9 ಲಕ್ಷದವರು ಮಧ್ಯಮ ಆದಾಯದ ಗುಂಪು. ನಮ್ಮ ಮಕ್ಕಳಿಗಿರುವ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮಿತಿ 2.5 ಲಕ್ಷ. ತಿಂಗಳಿಗೆ 21,000 ದುಡಿದರೆ ಸಾಕು, ಅದು ಕೈ ತಪ್ಪಿತು. ಮಗಳ ಪಿಯುಸಿ ಪುಸ್ತಕಗಳನ್ನು ಇದೇ ರಸ್ತೆಯಲ್ಲಿ ಹಳೆಯವು ಹುಡುಕಿ ತರುತ್ತೇವೆ. ಸಹಾಯ ಸಿಗುವ ಸಾಲಿನಲ್ಲಿ ನಾವಿಲ್ಲ, ಬೆಲೆ ಕೇಳದೆ ಕೊಳ್ಳುವ ಸಾಲಿನಲ್ಲೂ ಇಲ್ಲ.

ಕೋಲಿಯರ ದೀಘಜಾಣು ಬುದ್ಧರ ಬಳಿ ಬಂದು ಕೇಳಿದ್ದು ನಮ್ಮಂಥವರ ಪ್ರಶ್ನೆಯನ್ನೇ: ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡುವವರಿಗೆ ಈ ಬದುಕಿನಲ್ಲೇ ಹಿತ ತರುವ ಧಮ್ಮ ಯಾವುದು? ಅಂಗುತ್ತರ ನಿಕಾಯದಲ್ಲಿರುವ ಉತ್ತರ ನಾಲ್ಕು ಮಾತು.

1️⃣ ಉಟ್ಠಾನ: ಕಸುಬಿನಲ್ಲಿ ಜಾಣ್ಮೆ, ಶ್ರಮ
2️⃣ ಆರಕ್ಖ: ಗಳಿಸಿದ್ದನ್ನು ಕಾಯುವುದು
3️⃣ ಕಲ್ಯಾಣಮಿತ್ತತಾ: ಒಳ್ಳೆಯವರ ಸಹವಾಸ
4️⃣ ಸಮಜೀವಿತಾ: ಆದಾಯಕ್ಕೆ ತಕ್ಕ ಸಮತೂಕದ ಬದುಕು

ನಾಲ್ಕನೆಯದೇ ಕಷ್ಟ. ತಕ್ಕಡಿ ಹಿಡಿದವನಿಗೆ ಯಾವ ತಟ್ಟೆ ಎಷ್ಟು ಇಳಿದಿದೆ, ಎಷ್ಟು ಏರಿದೆ ಎಂದು ಗೊತ್ತಿರುವಂತೆ ಗೃಹಸ್ಥನಿಗೆ ತನ್ನ ಆದಾಯ ಖರ್ಚು ಗೊತ್ತಿರಬೇಕು ಎನ್ನುತ್ತಾರೆ ಬುದ್ಧರು. ಕಡಿಮೆ ಗಳಿಸಿ ದೊಡ್ಡಸ್ತಿಕೆ ಮೆರೆಯುವುದು ಒಂದು ಅತಿ, ಸಾಕಷ್ಟಿದ್ದೂ ಹೊಟ್ಟೆ ಕಟ್ಟಿ ಬದುಕುವುದು ಇನ್ನೊಂದು ಅತಿ. ಮದುವೆಗೆ ಮಾಡಿದ ಸಾಲ, ಕಂತಿನ ಫೋನು ಒಂದು ತಟ್ಟೆಯಲ್ಲಿ. ಮಗಳ ಟ್ಯೂಷನ್ನಿಗೂ ಬಿಚ್ಚದ ಕೈ ಇನ್ನೊಂದರಲ್ಲಿ. ಅನಾಥಪಿಂಡಿಕನಿಗೆ ಹೇಳಿದ ಗೃಹಸ್ಥನ ನಾಲ್ಕು ಸುಖಗಳಲ್ಲಿ ಸಾಲವಿಲ್ಲದ ಸುಖವೂ ಒಂದು, ನೆನಪಿರಲಿ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ದೀಕ್ಷೆಯ ಮರುದಿನ, 15 ಅಕ್ಟೋಬರ್ 1956ರಂದು, ನಾಗಪುರದಲ್ಲಿ ಬಾಬಾಸಾಹೇಬರು ಆದಾಯದ ಇಪ್ಪತ್ತನೇ ಒಂದು ಭಾಗವನ್ನು ಧಮ್ಮಕಾರ್ಯಕ್ಕೆ ಕೊಡಿ ಎಂದು ಕೇಳಿದರು. ಕೇಳಿದ್ದು ಶ್ರೀಮಂತರನ್ನಲ್ಲ, ದುಡಿದು ತಿನ್ನುವ ನಮ್ಮವರನ್ನು. ನಮ್ಮ ಮನೆಗೆ ಅದು 2,600 ರೂಪಾಯಿ. ಹಗುರವಲ್ಲ. ತಿಂಗಳ ಕೊನೆಗೆ ಉಳಿದರೆ ಕೊಡೋಣ ಎಂದರೆ ಉಳಿಯುವುದೇ ಇಲ್ಲ. ಸಂಬಳದ ದಿನವೇ ಎತ್ತಿಡುತ್ತೇವೆ. ನಡುವೆ ಇದ್ದೇವೆ ಎಂದರೆ ನಮ್ಮ ಕೆಳಗೆ ಇನ್ನೂ ನಮ್ಮವರು ಇದ್ದಾರೆ ಎಂದೇ ಅರ್ಥ. ಹತ್ತಿದ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುವುದು ಮಧ್ಯಮ ಮಾರ್ಗವಲ್ಲ.

*ಇಂದಿನ ಅಭ್ಯಾಸ:* ಸಂಜೆ ಮನೆಯವರೆಲ್ಲ ಕೂತು ಒಂದೇ ಹಾಳೆಯಲ್ಲಿ ಆದಾಯ, ಖರ್ಚು, ಸಾಲ, ದಾನ ನಾಲ್ಕನ್ನೂ ಬರೆಯಿರಿ. ಮಕ್ಕಳಿಗೂ ತೋರಿಸಿ.

ಭವತು ಸಬ್ಬ ಮಂಗಲಂ 🪷